ಶಾರ್ಕಿಗೆ ತುತ್ತು ಕೊಟ್ಟವರು

ಒಂದು ಶಾರ್ಕ್ ಮೀನಿನ ಬೆಲೆ ಎಷ್ಟು? 1993ರಲ್ಲಿ ಮಾಲ್ಡೀವ್ಸ್‌ನಲ್ಲಿ ಚಾರ್ಲ್ಸ್ ಆಂಡರ್ಸನ್ ಮತ್ತು ಹುಧಾ ಅಹ್ಮದ್ ಎಂಬಿಬ್ಬರು ಇದನ್ನು ಲೆಕ್ಕ ಹಾಕಿ ಒಂದು ವರದಿ ಬರೆದರು. ಒಂದು ಗ್ರೇ ರೀಫ್ ಶಾರ್ಕನ್ನು ಹಿಡಿದು ದಡಕ್ಕೆ ತಂದರೆ ಮೀನುಗಾರನಿಗೆ ಸಿಗುವುದು 32 ಡಾಲರ್, ಅದೂ ಒಂದೇ ಸಲ. ಅದೇ ಶಾರ್ಕ್ 'ಫಿಶ್ ಹೆಡ್' ಎಂಬ ಹವಳದ ದಿಬ್ಬದ ಸುತ್ತ ಜೀವಂತವಾಗಿ ಸುತ್ತುತ್ತಿದ್ದರೆ, ಅದನ್ನು ನೋಡಲು ಬರುವ ಡೈವರುಗಳಿಂದ ವರ್ಷಕ್ಕೆ 33,500 ಡಾಲರ್ ಆದಾಯ. ಬ್ಯಾಂಕಿನಲ್ಲಿ ಮೂರು ದಶಕ ಸಾಲದ ಅರ್ಜಿಗಳನ್ನು ನೋಡಿದ ನನ್ನಂಥವನಿಗೆ ಇದು ತಕ್ಷಣ ಅರ್ಥವಾಗುವ ಭಾಷೆ. ಹಸು ಮಾರಿದರೆ ಒಮ್ಮೆ ದುಡ್ಡು, ಸಾಕಿದರೆ ದಿನಾ ಹಾಲು. ವರದಿಯ ತಿರುಳು ಇಷ್ಟೇ.

ಆದರೆ ಈ ಹಸು ಸಾಕಿದ್ದಲ್ಲ, ಕಾಡಿನದು. ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಬರುವ ಅಭ್ಯಾಸ ಅದಕ್ಕಿಲ್ಲ. ಟಿಕೆಟ್ ತೆಗೆದುಕೊಂಡು ಬಂದವರಿಗೆ ಅದನ್ನು ಖಂಡಿತ ತೋರಿಸಬೇಕೆಂದರೆ ಏನು ಮಾಡಬೇಕು? ಊಟ ಹಾಕಬೇಕು. ಪ್ರಪಂಚದ ಬೇರೆ ಬೇರೆ ಕಡಲುಗಳಲ್ಲಿ ಡೈವರುಗಳು ಶಾರ್ಕುಗಳಿಗೆ ಮೀನು ತಿನ್ನಿಸಲು ತೊಡಗಿದ್ದು ಹೀಗೆ. ಅದು ಸರಿಯೋ ತಪ್ಪೋ ಎಂಬ ಜಗಳ ನಾಲ್ಕು ದಶಕಗಳಿಂದ ನಡೆದೇ ಇದೆ. ನಾನು ನೀರಿಗಿಳಿದವನಲ್ಲ, ಜುಹೂ ಬೀಚಿನಲ್ಲಿ ಮೊಣಕಾಲು ಮುಳುಗಿದರೆ ಹಿಂದೆ ಸರಿಯುವವನು. ಆದರೂ ಈ ಜಗಳದ ಚರಿತ್ರೆ ಓದುತ್ತಾ ಹೋದಂತೆ ಇದು ಬರೀ ಮೀನಿನ ವಿಷಯವಲ್ಲ ಅನ್ನಿಸಿತು.

ಅಂದ ಹಾಗೆ ಶಾರ್ಕ್ ನಮಗೇನು ಅಪರಿಚಿತವಲ್ಲ. ತುಳುನಾಡಿನವರ 'ತಾಟೆ', ಕೊಂಕಣಿಗರ 'ಮೋರಿ', ಇಲ್ಲಿ ಮುಂಬಯಿಯ ಕೋಳಿ ಹೆಂಗಸರ ಬುಟ್ಟಿಯಲ್ಲಿರುವ 'ಮುಶಿ' ಎಲ್ಲವೂ ಶಾರ್ಕೇ, ಚಿಕ್ಕ ಜಾತಿಯವು. ನಮ್ಮ ಕರಾವಳಿಗೆ ಅದು ಸಾರಿನ ಮೀನು. ಅದನ್ನು ರಾಕ್ಷಸ ಮಾಡಿದ್ದೂ, ಆಮೇಲೆ ಅದೇ ರಾಕ್ಷಸನಿಗೆ ಕೈತುತ್ತು ಕೊಟ್ಟಿದ್ದೂ ಬೇರೆಯವರ ಕತೆ.

ಕತೆ ಶುರುವಾಗುವುದು ವಿಯೆನ್ನಾದ ಹಾನ್ಸ್ ಹಾಸ್ ಎಂಬ ತರುಣನಿಂದ. 1939ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಇಬ್ಬರು ಗೆಳೆಯರೊಂದಿಗೆ ಕೆರಿಬಿಯನ್‌ನ ಕ್ಯುರಸಾವೋ ಮತ್ತು ಬೊನೇರ್ ದ್ವೀಪಗಳಿಗೆ ಹೋಗಿ, ಉಸಿರು ಕಟ್ಟಿ ನೀರಿಗಿಳಿದು, ಕ್ಯಾಮೆರಾದಲ್ಲಿ ಶಾರ್ಕುಗಳ ಚಿತ್ರ ತೆಗೆದ. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಗಿ, ಅಮೆರಿಕ, ಜಪಾನ್, ಸೈಬೀರಿಯಾ ಸುತ್ತಿ ಊರು ಸೇರಬೇಕಾಯಿತು. ಅವನು ಕಂಡುಕೊಂಡ ಸಂಗತಿ ಆ ಕಾಲಕ್ಕೆ ವಿಚಿತ್ರ: ಶಾರ್ಕು ಮನುಷ್ಯನನ್ನು ಕಂಡ ಕೂಡಲೇ ಮೇಲೆ ಬೀಳುವುದಿಲ್ಲ, ನೀರಿನೊಳಗೆ ಜೋರಾಗಿ ಕೂಗಿದರೆ ಬೆಚ್ಚಿ ಓಡುತ್ತದೆ. ಆದರೆ ಇದನ್ನು ನಂಬುವ ಮನಸ್ಸು ಜಗತ್ತಿಗೆ ಇರಲಿಲ್ಲ. 1945ರ ಜುಲೈನಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಯುದ್ಧನೌಕೆ ಮುಳುಗಿ, ನೂರಾರು ನಾವಿಕರು ದಿನಗಟ್ಟಲೆ ನೀರಿನಲ್ಲಿ ತೇಲುತ್ತಾ ಸತ್ತರು. ಹೆಚ್ಚಿನವರು ಗಾಯ, ಬಾಯಾರಿಕೆ, ಬಿಸಿಲಿನಿಂದ ಸತ್ತವರು. ಆದರೆ ಜನ ನೆನಪಿಟ್ಟುಕೊಂಡದ್ದು ಶಾರ್ಕುಗಳನ್ನು.

ಶಾರ್ಕಿನ ಬಗ್ಗೆ ಮನುಷ್ಯನಿಗಿದ್ದ ದ್ವೇಷ ಎಂಥದ್ದು ಎಂದು ತಿಳಿಯಬೇಕಿದ್ದರೆ 1956ರ 'ದಿ ಸೈಲೆಂಟ್ ವರ್ಲ್ಡ್' ಚಿತ್ರ ನೋಡಬೇಕು. ಝಾಕ್ ಕುಸ್ತೊ ಮತ್ತು ಲೂಯಿ ಮಾಲ್ ಮಾಡಿದ ಚಿತ್ರ. ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯೂ ಆಸ್ಕರೂ ಬಂದವು. ನಮ್ಮಲ್ಲಿ ಕುಸ್ತೊ ಎಂದರೆ ಸಮುದ್ರದ ಋಷಿ ಎಂಬ ಭಾವನೆ. ಆ ಚಿತ್ರದಲ್ಲಿ ಅವರ ಹಡಗು ಕ್ಯಾಲಿಪ್ಸೊದ ಪ್ರೊಪೆಲ್ಲರ್ ಒಂದು ಸ್ಪರ್ಮ್ ತಿಮಿಂಗಿಲದ ಮರಿಗೆ ತಗಲುತ್ತದೆ. ಉಳಿಯುವ ಹಾಗಿಲ್ಲ, ಕೊಲ್ಲುತ್ತಾರೆ. ರಕ್ತದ ವಾಸನೆಗೆ ಶಾರ್ಕುಗಳು ಬಂದು ಹೆಣ ತಿನ್ನತೊಡಗುತ್ತವೆ. ಆಗ ಹಡಗಿನವರು ಕೊಕ್ಕೆ ಹಾಕಿ ಶಾರ್ಕುಗಳನ್ನು ಒಂದೊಂದಾಗಿ ಮೇಲೆಳೆದು, ಕೊಡಲಿಯಿಂದ ಕಡಿದು ಹಾಕುತ್ತಾರೆ. ಮರಿಗೆ ಡಿಕ್ಕಿ ಹೊಡೆದದ್ದು ಯಾರು, ಸೇಡು ತೀರಿಸಿಕೊಂಡದ್ದು ಯಾರ ಮೇಲೆ! ಅಂದಿನ ಪ್ರೇಕ್ಷಕರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ ಎಂಬುದೇ ಮುಖ್ಯ. ನೀರಿನೊಳಗಿನ ಜಗತ್ತನ್ನು ಪ್ರೀತಿಸಲು ನಮಗೆ ಕಲಿಸಿದವರೇ ಹೀಗಿದ್ದರೆ ಉಳಿದವರ ಮಾತೇನು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಫ್ಲಾರಿಡಾದಲ್ಲಿ ಯೂಜಿನಿ ಕ್ಲಾರ್ಕ್ ಎಂಬ ವಿಜ್ಞಾನಿ ತಮ್ಮ ಪುಟ್ಟ ಪ್ರಯೋಗಶಾಲೆಯಲ್ಲಿ ಲೆಮನ್ ಶಾರ್ಕುಗಳಿಗೆ ಪಾಠ ಹೇಳುತ್ತಿದ್ದರು. ನೀರಿನಲ್ಲಿಟ್ಟ ಹಲಗೆಯನ್ನು ಮೂತಿಯಿಂದ ಒತ್ತಿದರೆ ಊಟ. ಶಾರ್ಕುಗಳು ಬೇಗ ಕಲಿತವು. ಚಳಿಗಾಲದಲ್ಲಿ ಕೆಲವು ವಾರ ಪಾಠ ನಿಲ್ಲಿಸಿ ಮತ್ತೆ ಹಲಗೆ ಇಟ್ಟರೂ ಮರೆತಿರಲಿಲ್ಲ. 1959ರಲ್ಲಿ ಇದು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾರ್ಕ್ ದಡ್ಡ, ಸದಾ ಹಸಿದ ಯಂತ್ರ ಎಂದು ನಂಬಿದ್ದ ಕಾಲದಲ್ಲಿ ಅದು ದೊಡ್ಡ ಸುದ್ದಿ. ಮುಂದಿನ ಕತೆಗೆಲ್ಲ ಬೀಜ ಇದೇ: ಯಾವ ಗುರುತು ಕಂಡರೆ ಊಟ ಸಿಗುತ್ತದೆ ಎಂಬುದನ್ನು ಶಾರ್ಕ್ ಕಲಿಯುತ್ತದೆ, ನೆನಪಿಟ್ಟುಕೊಳ್ಳುತ್ತದೆ.

1963ರ ಡಿಸೆಂಬರ್. ದಕ್ಷಿಣ ಆಸ್ಟ್ರೇಲಿಯಾದ ಆಲ್ಡಿಂಗಾ ಬೀಚಿನಲ್ಲಿ ಈಟಿಯಿಂದ ಮೀನು ಹೊಡೆಯುವ ಸ್ಪರ್ಧೆ. ರಾಡ್ನಿ ಫಾಕ್ಸ್ ಎಂಬಾತನ ಎದೆಯನ್ನು ಬಿಳಿ ಶಾರ್ಕೊಂದು ಕಚ್ಚಿತು. 462 ಹೊಲಿಗೆ ಬಿದ್ದವು, ಬದುಕಿದ. ಮುಂದೊಮ್ಮೆ ಮೃಗಾಲಯದಲ್ಲಿ ಸಿಂಹದ ಬೋನು ನೋಡುತ್ತಾ ಅವನಿಗೆ ಹೊಳೆಯಿತಂತೆ: ಪ್ರಾಣಿಯನ್ನು ಒಳಗೆ ಹಾಕುವ ಬದಲು ಮನುಷ್ಯನನ್ನೇ ಒಳಗೆ ಹಾಕಿ ಸಮುದ್ರಕ್ಕೆ ಇಳಿಸಿದರೆ? ಶಾರ್ಕ್ ನೋಡುವ ಪಂಜರ ಹುಟ್ಟಿದ್ದು ಹೀಗೆ. ಆದರೆ ಪಂಜರ ಇಳಿಸಿದ ಮಾತ್ರಕ್ಕೆ ಶಾರ್ಕ್ ಬರುವುದಿಲ್ಲವಲ್ಲ. ಮೀನಿನ ರಕ್ತ, ಎಣ್ಣೆ, ಚೂರುಪಾರು ಎಲ್ಲ ಕಲಸಿ ಗಂಟೆಗಟ್ಟಲೆ ನೀರಿಗೆ ಸುರಿಯಬೇಕು. ಇದಕ್ಕೆ ಅಮೆರಿಕದವರು 'ಚಮ್' ಎನ್ನುತ್ತಾರೆ, ಆಸ್ಟ್ರೇಲಿಯಾದವರು 'ಬರ್ಲಿ'. ತನ್ನನ್ನು ಕಚ್ಚಿದ ಪ್ರಾಣಿಯನ್ನೇ ಜನರಿಗೆ ತೋರಿಸುವುದು ಮುಂದೆ ಫಾಕ್ಸ್ ಕುಟುಂಬದ ಉದ್ಯಮವಾಯಿತು, ಅದರ ಪರ ವಾದಿಸುವುದೂ. ಇಂಥ ಬಾಳು ಯಾವ ಕಾದಂಬರಿಕಾರನಿಗೂ ಹೊಳೆಯದು.

1969ರಲ್ಲಿ ಪೀಟರ್ ಗಿಂಬೆಲ್ ಎಂಬ ಅಮೆರಿಕನ್ 'ಬ್ಲೂ ವಾಟರ್, ವೈಟ್ ಡೆತ್' ಚಿತ್ರಕ್ಕಾಗಿ ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೋದ. ಅಲ್ಲಿ ತಿಮಿಂಗಿಲ ಬೇಟೆ ಇನ್ನೂ ನಡೆಯುತ್ತಿತ್ತು. ಸತ್ತು ತೇಲುವ ತಿಮಿಂಗಿಲಗಳ ಸುತ್ತ ಶಾರ್ಕುಗಳ ಜಾತ್ರೆ. ಗಿಂಬೆಲ್, ಸ್ಟ್ಯಾನ್ ವಾಟರ್‌ಮನ್, ಆಸ್ಟ್ರೇಲಿಯಾದ ದಂಪತಿ ರಾನ್ ಮತ್ತು ವ್ಯಾಲರಿ ಟೇಲರ್ ಪಂಜರದ ಬಾಗಿಲು ತೆರೆದು ಹೊರಗೆ ಬಂದರು. ಹೆಣ ತಿನ್ನುತ್ತಿದ್ದ ಶಾರ್ಕುಗಳು ಬಂದು ಮುಟ್ಟಿ ನೋಡಿದವು, ತಳ್ಳಿದವು, ಯಾರನ್ನೂ ತಿನ್ನಲಿಲ್ಲ. ಕ್ಯಾಲಿಪ್ಸೊದ ಕೊಡಲಿಗೂ ಇದಕ್ಕೂ ನಡುವೆ ಹದಿಮೂರೇ ವರ್ಷ. ಶಾರ್ಕಿನ ಬಗ್ಗೆ ಮನುಷ್ಯನ ಮನಸ್ಸು ಬದಲಾದ ಗಳಿಗೆ ಯಾವುದು ಎಂದರೆ ನಾನು ಇದನ್ನೇ ತೋರಿಸುತ್ತೇನೆ.

ಅಷ್ಟರಲ್ಲಿ 'ಜಾಸ್' ಬಂತು. ಪೀಟರ್ ಬೆಂಚ್ಲಿಯ ಕಾದಂಬರಿ 1974ರಲ್ಲಿ, ಸ್ಪೀಲ್‌ಬರ್ಗ್ ಚಿತ್ರ 1975ರಲ್ಲಿ. ಅದರಲ್ಲಿರುವ ನಿಜವಾದ ಶಾರ್ಕಿನ ದೃಶ್ಯಗಳನ್ನು ತೆಗೆದವರು ಇದೇ ಟೇಲರ್ ದಂಪತಿ, ಫಾಕ್ಸ್‌ನ ನೆರವಿನಿಂದ. ಶಾರ್ಕ್ ದೊಡ್ಡದಾಗಿ ಕಾಣಲಿ ಎಂದು ಚಿಕ್ಕ ಪಂಜರ ಮಾಡಿಸಿ, ಕುಳ್ಳನೆಯ ಮನುಷ್ಯನೊಬ್ಬನನ್ನು ಅದರೊಳಗೆ ಇಳಿಸಿದ್ದರು! ಚಿತ್ರ ನೋಡಿ ಜನ ದೋಣಿ ಹತ್ತಿ ಶಾರ್ಕ್ ಕೊಲ್ಲಲು ಹೊರಟರು. ಬೆಂಚ್ಲಿ ಪಶ್ಚಾತ್ತಾಪಪಟ್ಟು, 2006ರಲ್ಲಿ ತೀರಿಕೊಳ್ಳುವವರೆಗೂ ಶಾರ್ಕ್ ಸಂರಕ್ಷಣೆಯ ಪ್ರಚಾರ ಮಾಡಿದ. ಇದು ಎಲ್ಲರಿಗೂ ಗೊತ್ತಿರುವ ಕತೆ, ಬಿಡಿ.

ತಿನ್ನಿಸುವ ಆಟ ಬೆಳೆದದ್ದು ಇದರ ನೆರಳಿನಲ್ಲಿ. ಮಾಲ್ಡೀವ್ಸ್‌ನ ಬಂಡೋಸ್ ದ್ವೀಪದಲ್ಲಿ ಹೆರ್ವಾರ್ಟ್ ಫೋಯ್ಟ್‌ಮನ್ ಎಂಬ ಜರ್ಮನ್ ಬಾಯಲ್ಲಿ ಮೀನು ಕಚ್ಚಿ ಹಿಡಿದು ಶಾರ್ಕಿನ ಬಾಯಿಗೆ ಕೊಡುತ್ತಿದ್ದ. ನೋಡಲು ಯುರೋಪಿನಿಂದ ಜನ. 1980ರ ದಶಕದಲ್ಲಿ ಬಹಾಮಾಸ್‌ನಲ್ಲಿ ಇದು ವ್ಯವಸ್ಥಿತ ವ್ಯಾಪಾರವಾಯಿತು. ಮರಳಿನ ಮೇಲೆ ಪ್ರವಾಸಿಗರನ್ನು ಅರ್ಧವೃತ್ತಾಕಾರವಾಗಿ ಮಂಡಿಯೂರಿ ಕೂರಿಸುವುದು, ಉಕ್ಕಿನ ಬಳೆಗಳಿಂದ ನೇಯ್ದ ಕವಚ ತೊಟ್ಟವನು ನಡುವೆ ನಿಂತು ಡಬ್ಬಿಯಿಂದ ಮೀನು ತೆಗೆದು ಕೊಡುವುದು. ನಮ್ಮ ದೊಂಬರಾಟಕ್ಕೂ ಇದಕ್ಕೂ ರಂಗಸಜ್ಜಿಕೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಫಲವೂ ಇತ್ತು ಎನ್ನುವುದನ್ನು ಮರೆಯುವಂತಿಲ್ಲ. ಶಾರ್ಕಿನಿಂದ ಹಣ ಬರುತ್ತದೆ ಎಂದು ಕಂಡ ಬಹಾಮಾಸ್ ಸರ್ಕಾರ 1993ರಲ್ಲಿ ಉದ್ದದ ಗಾಳಸಾಲುಗಳ ಮೀನುಗಾರಿಕೆಯನ್ನು ನಿಷೇಧಿಸಿತು, 2011ರಲ್ಲಿ ಇಡೀ ತನ್ನ ಕಡಲನ್ನು ಶಾರ್ಕುಗಳ ಅಭಯಧಾಮವೆಂದು ಘೋಷಿಸಿತು. 2014ರ ಒಂದೇ ವರ್ಷದಲ್ಲಿ ಶಾರ್ಕ್ ನೋಡುವ ಪ್ರವಾಸೋದ್ಯಮದಿಂದ ಆ ದೇಶಕ್ಕೆ ಬಂದದ್ದು ಸುಮಾರು 11 ಕೋಟಿ 38 ಲಕ್ಷ ಡಾಲರ್. ಮನುಷ್ಯರು ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕುಗಳನ್ನು ಕೊಲ್ಲುತ್ತಾರೆಂದು 2013ರ ಅಧ್ಯಯನವೊಂದು ಅಂದಾಜು ಮಾಡಿತ್ತು. ಆ ಮೊತ್ತದ ಎದುರಿಗಿಟ್ಟು ನೋಡಿದರೆ ನಾಲ್ಕು ತುಂಡು ಮೀನು ತಿನ್ನಿಸುವುದು ಮಹಾಪಾಪವೇ ಎಂದು ಡೈವರುಗಳು ಕೇಳುವುದರಲ್ಲಿ ನ್ಯಾಯವಿದೆ.

ಈ ಪ್ರಶ್ನೆ ಫ್ಲಾರಿಡಾದಲ್ಲಿ ಕಾನೂನಿನ ಕಟಕಟೆ ಏರಿದ್ದು 2001ರಲ್ಲಿ. ಆ ಜುಲೈನಲ್ಲಿ ಪೆನ್ಸಕೋಲಾ ಬಳಿ ಎಂಟು ವರ್ಷದ ಹುಡುಗನೊಬ್ಬನ ತೋಳನ್ನು ಬುಲ್ ಶಾರ್ಕ್ ಕಚ್ಚಿ ತುಂಡರಿಸಿತು. ಶಾರ್ಕನ್ನೇ ದಡಕ್ಕೆಳೆದು ತೋಳನ್ನು ಹೊರತೆಗೆಯಲಾಯಿತು, ವೈದ್ಯರು ಮತ್ತೆ ಜೋಡಿಸಿದರು. 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಶಾರ್ಕ್ ಬಂತು. ಟೀವಿಯವರಿಗೆ ಇಡೀ ಬೇಸಿಗೆ ಅದೇ ಸುದ್ದಿ, ಸೆಪ್ಟೆಂಬರ್ 11ರ ಬೆಳಿಗ್ಗೆಯವರೆಗೆ. ನಿಜ ಹೇಳಬೇಕೆಂದರೆ ಆ ವರ್ಷ ಜಗತ್ತಿನಲ್ಲಿ ಶಾರ್ಕ್ ದಾಳಿಗಳು ಹಿಂದಿನ ವರ್ಷಕ್ಕಿಂತ ಹೆಚ್ಚಾಗಿರಲಿಲ್ಲ, ಆ ಹುಡುಗನ ಪ್ರಕರಣಕ್ಕೂ ತಿನ್ನಿಸುವವರಿಗೂ ಸಂಬಂಧವಿರಲಿಲ್ಲ. ಆದರೂ ರಾಜ್ಯದ ವನ್ಯಜೀವಿ ಆಯೋಗ ನವೆಂಬರಿನಲ್ಲಿ ತೀರ್ಮಾನಿಸಿ, 2002ರ ಜನವರಿ 1ರಿಂದ ಡೈವರುಗಳು ಮೀನಿಗೆ ತಿನ್ನಿಸುವುದನ್ನು ನಿಷೇಧಿಸಿತು. ಹವಾಯಿಯೂ ಅದೇ ವರ್ಷ ಹಿಂಬಾಲಿಸಿತು.

ಆಯೋಗದ ತರ್ಕ ಸರಳ: ಕರಡಿಗೆ, ಮೊಸಳೆಗೆ ಊಟ ಹಾಕಬಾರದೆಂಬ ಕಾನೂನು ಇರುವಾಗ ಶಾರ್ಕಿಗೆ ಬೇರೆ ನ್ಯಾಯ ಯಾಕೆ? ಮನುಷ್ಯನನ್ನು ಕಂಡರೆ ಊಟ ನೆನಪಾಗುವ ಕಾಡುಪ್ರಾಣಿ ಕೊನೆಗೆ ಸಾಯುವುದು ಮನುಷ್ಯನ ಕೈಯಲ್ಲೇ. ತರ್ಕ ಒಪ್ಪತಕ್ಕದ್ದೇ. ಆದರೆ ಕಾನೂನಿನ ಇನ್ನೊಂದು ಮುಖ ನೋಡಿ. ನೋಡುವುದಕ್ಕಾಗಿ ಮೀನಿನ ಚೂರು ಹಾಕಿದರೆ ಅಪರಾಧ, ಗಾಳ ಹಾಕಿ ಹಿಡಿಯುವುದಕ್ಕಾಗಿ ಅದೇ ಚೂರು ಸುರಿದರೆ ತಕರಾರಿಲ್ಲ. ನೋಡಿ ಬಿಟ್ಟುಬಿಡುವವನು ತಪ್ಪಿತಸ್ಥ, ಕೊಲ್ಲುವವನು ಗ್ರಾಹಕ! ಎಷ್ಟೋ ಸುತ್ತೋಲೆಗಳನ್ನು ಓದಿದ್ದೇನೆ, ಇಷ್ಟು ಮಜವಾದದ್ದು ನೆನಪಿಲ್ಲ.

ನಿಷೇಧದಿಂದ ವ್ಯಾಪಾರ ನಿಲ್ಲಲಿಲ್ಲ. ದೋಣಿಗಳು ಫ್ಲಾರಿಡಾದಿಂದಲೇ ಹೊರಟು ಬಹಾಮಾಸ್ ಸೇರತೊಡಗಿದವು. 2002ರಲ್ಲಿ ಅಲ್ಲಿಯ ವಾಕರ್ಸ್ ಕೇ ಬಳಿ, ಶಾರ್ಕಿನ ಭಾಷೆ ತನಗೆ ಗೊತ್ತು ಎನ್ನುತ್ತಿದ್ದ ಸ್ವಿಸ್ ಸಂಶೋಧಕ ಎರಿಕ್ ರಿಟ್ಟರ್‌ನ ಮೀನಖಂಡವನ್ನು, ಟೀವಿ ಚಿತ್ರೀಕರಣ ನಡೆಯುತ್ತಿದ್ದಾಗಲೇ, ಬುಲ್ ಶಾರ್ಕೊಂದು ಕಿತ್ತುಕೊಂಡಿತು. 2008ರ ಫೆಬ್ರುವರಿಯಲ್ಲಿ, ಪಂಜರವಿಲ್ಲದೆ ಚಮ್ ಇಟ್ಟು ಶಾರ್ಕ್ ನೋಡುವ ಇಂಥದ್ದೇ ಪ್ರವಾಸದಲ್ಲಿ ಆಸ್ಟ್ರಿಯಾದ ವಕೀಲರೊಬ್ಬರು ಕಾಲಿಗೆ ಕಚ್ಚಿಸಿಕೊಂಡು ತೀರಿಕೊಂಡರು. ಇವೆರಡೂ ದುಃಖದ ಸಂಗತಿಗಳೇ, ಆದರೆ ನೈತಿಕವಾಗಿ ಜಟಿಲವಲ್ಲ. ಅವರಿಬ್ಬರೂ ಅಪಾಯ ಗೊತ್ತಿದ್ದು ನೀರಿಗಿಳಿದವರು.

ಜಟಿಲವಾಗುವುದು 2010ರ ಡಿಸೆಂಬರಿನಲ್ಲಿ, ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ. ಒಂದೇ ವಾರದಲ್ಲಿ ದಡದ ಬಳಿ ಈಜುತ್ತಿದ್ದ ನಾಲ್ವರು ಪ್ರವಾಸಿಗರು ಗಾಯಗೊಂಡರು. ಬೀಚು ಮುಚ್ಚಿದರು, ಎರಡು ಶಾರ್ಕುಗಳನ್ನು ಹಿಡಿದು ಕೊಂದು ಪತ್ರಿಕೆಯವರಿಗೆ ತೋರಿಸಿದರು, ಬೀಚು ತೆರೆದರು. ಮರುದಿನವೇ ವಯಸ್ಸಾದ ಜರ್ಮನ್ ಮಹಿಳೆಯೊಬ್ಬರು ಸತ್ತರು. ಕಾರಣ ಏನೆಂದು ಹಲವು ಊಹೆಗಳು ಬಂದವು. ಜಾನುವಾರು ಸಾಗಿಸುವ ಹಡಗಿನಿಂದ ಎಸೆದ ಕುರಿಗಳ ಹೆಣ, ಮಿತಿಮೀರಿದ ಮೀನುಗಾರಿಕೆ, ಜೊತೆಗೆ ಕದ್ದುಮುಚ್ಚಿ ಶಾರ್ಕಿಗೆ ತಿನ್ನಿಸುತ್ತಿದ್ದ ಡೈವರುಗಳು. ಕೆಲವರ ಗಾಯ ಸೊಂಟದ ಕೆಳಗೆ ಹಿಂಭಾಗದಲ್ಲಿದ್ದವು. ತಿನ್ನಿಸುವವರು ಮೀನು ಇಟ್ಟುಕೊಳ್ಳುವ ಚೀಲವೂ ಅಲ್ಲೇ ಇರುತ್ತದೆ ಎಂಬುದನ್ನು ಪರಿಶೀಲಿಸಿದ ತಜ್ಞರು ಗಮನಿಸಿದರು. ಯೂಜಿನಿ ಕ್ಲಾರ್ಕ್ ಅವರ ಹಲಗೆ ನೆನಪಾಗುತ್ತದೆ, ಅಲ್ಲವೇ?

ಅಲ್ಲಿ ಸತ್ತಾಕೆ ಯಾವ ಶಾರ್ಕಿಗೂ ಏನೂ ತಿನ್ನಿಸಿದವರಲ್ಲ, ತಿನ್ನಿಸುವುದನ್ನು ನೋಡಲು ಟಿಕೆಟ್ ಕೊಂಡವರೂ ಅಲ್ಲ. ಸುಮ್ಮನೆ ಈಜುತ್ತಿದ್ದವರು. ಸತ್ತ ಶಾರ್ಕುಗಳಂತೂ ಮೂಗುಪ್ರಾಣಿಗಳು. ನನ್ನ ಮಟ್ಟಿಗೆ ಈ ವಿವಾದದ ಮೂಲಪ್ರಶ್ನೆ ಇದು: ಲಾಭ ಯಾರ ಖಾತೆಗೆ ಜಮಾ, ಅಪಾಯ ಯಾರ ಖಾತೆಗೆ ಖರ್ಚು? ತಿನ್ನಿಸುವುದು ಕ್ರೌರ್ಯವೋ ಪ್ರೀತಿಯೋ ಎಂಬ ಚರ್ಚೆಯಲ್ಲಿ ಇದು ಮರೆತೇಹೋಗುತ್ತದೆ.

ಪ್ರೀತಿಯ ಮಾತು ಬಂತು. ಪ್ರಾಣಿಗೆ ಉಣಿಸುವುದು ಪುಣ್ಯ ಎಂದು ಬೆಳೆದವರು ನಾವು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನುಗಳಿಗೆ ಪುರಿ ಹಾಕದ ಕನ್ನಡಿಗ ಯಾರಿದ್ದಾರೆ? ದೇವರ ಮೀನು ಎಂದು ಯಾರೂ ಹಿಡಿಯದೆ ಇರುವುದರಿಂದ ಅವು ಉಳಿದಿವೆ. ಉಣಿಸುವುದೂ ಒಂದು ಬಗೆಯ ಕಾವಲೇ. ಆದರೆ ದಕ್ಷಿಣ ಕನ್ನಡದ ಶಿಶಿಲದಲ್ಲಿ, ಹಾಗೆಯೇ ಪುರಿಗೆ ಒಟ್ಟುಗೂಡುವ ಕಪಿಲಾ ನದಿಯ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿದರು. ಸಾವಿರಾರು ಮೀನು ಒಟ್ಟಿಗೆ ಸತ್ತವು. ಮನುಷ್ಯನ ನೆರಳು ಕಂಡರೆ ದೂರ ಸರಿಯುವ ಮೀನಾಗಿದ್ದರೆ ಅಷ್ಟು ಸುಲಭವಾಗಿ ಸಿಗುತ್ತಿದ್ದವೇ? ಇಲ್ಲಿ ಮುಂಬಯಿಯಲ್ಲಿ 2025ರಲ್ಲಿ ದಾದರಿನ ಕಬೂತರ್‌ಖಾನಾಕ್ಕೆ ಪಾಲಿಕೆ ಟಾರ್ಪಾಲು ಹೊದಿಸಿದಾಗ ನಡೆದ ಗಲಾಟೆಯೂ ಇದೇ ಜಾತಿಯದು. ಕಾಳು ಹಾಕಿದವನು ಪುಣ್ಯ ಕಟ್ಟಿಕೊಂಡು ಮನೆಗೆ ಹೋಗುತ್ತಾನೆ, ಹಿಕ್ಕೆಯ ಧೂಳು ಉಸಿರಾಡುವವನು ಮೇಲಿನ ಮಹಡಿಯವನು.

ಮತ್ತೆ ಶಾರ್ಕಿಗೆ ಬರೋಣ. ವಿಜ್ಞಾನ ಏನು ಹೇಳುತ್ತದೆ? ಎರಡೂ ಕಡೆಯವರಿಗೆ ನಿರಾಸೆ ಮಾಡುವಂಥದ್ದನ್ನು. ಬಹಾಮಾಸ್‌ನ ಟೈಗರ್ ಬೀಚಿನಲ್ಲಿ ಡೈವರುಗಳು ತಿನ್ನಿಸುವ ಟೈಗರ್ ಶಾರ್ಕುಗಳು ಅಲ್ಲೇ ಠಿಕಾಣಿ ಹೂಡಿರಬೇಕೆಂದು ಎಲ್ಲರೂ ಭಾವಿಸಿದ್ದರು. ನೀಲ್ ಹ್ಯಾಮರ್‌ಶ್ಲಾಗ್ ತಂಡ ಉಪಗ್ರಹದ ಟ್ಯಾಗ್ ಹಾಕಿ ನೋಡಿದಾಗ, 2012ರ ವರದಿಯಂತೆ, ಅವು ತಿನ್ನಿಸದ ಫ್ಲಾರಿಡಾದ ಶಾರ್ಕುಗಳಿಗಿಂತ ದೂರ ಅಲೆಯುತ್ತಿದ್ದವು, ಅಟ್ಲಾಂಟಿಕ್‌ನ ನಡುವಿನವರೆಗೂ. ದಾರಿಯಲ್ಲಿ ಸಿಕ್ಕಿದ ಚಹಾ ಅಂಗಡಿ ಎಂಬಂತೆ ಬಂದು ಹೋಗುತ್ತಿದ್ದವು ಅನ್ನಿ. ಆದರೆ ದಕ್ಷಿಣ ಆಸ್ಟ್ರೇಲಿಯಾದ ನೆಪ್ಚೂನ್ ದ್ವೀಪಗಳಲ್ಲಿ ಬೇರೆ ಚಿತ್ರ. 2007ರ ನಂತರ ಪಂಜರದ ದೋಣಿಗಳ ಓಡಾಟ ಹೆಚ್ಚಿದ ಮೇಲೆ ಬಿಳಿ ಶಾರ್ಕುಗಳು ಅಲ್ಲಿ ಹೆಚ್ಚು ದಿನ ತಂಗತೊಡಗಿದವು. ಸರ್ಕಾರ ಬರ್ಲಿ ಸುರಿಯುವ ದಿನಗಳಿಗೆ ಮಿತಿ ಹಾಕಿತು. ಅಲ್ಲೊಬ್ಬ ದೋಣಿಯವನು ಮೀನಿನ ಚೂರು ಬಿಟ್ಟು, ನೀರಿನೊಳಗೆ ಎಸಿ/ಡಿಸಿ ಬ್ಯಾಂಡಿನ ರಾಕ್ ಸಂಗೀತ ಹಾಕಿ ಶಾರ್ಕ್ ಕರೆಯುವ ಉಪಾಯ ಹೂಡಿದ, ಬಂದವಂತೆ! ಜಾತಿಯಿಂದ ಜಾತಿಗೆ, ಜಾಗದಿಂದ ಜಾಗಕ್ಕೆ ಉತ್ತರ ಬೇರೆ. ಒಂದೇ ಕಾನೂನು ಎಲ್ಲ ಕಡಲಿಗೂ ಹೊಂದುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಫಿಜಿಯ ಉದಾಹರಣೆ. ಅಲ್ಲಿಯ ಪದ್ಧತಿಯಲ್ಲಿ ದಡದ ಹವಳದ ದಿಬ್ಬಗಳಲ್ಲಿ ಮೀನು ಹಿಡಿಯುವ ಹಕ್ಕು ಊರಿನವರದು. ಬೇಕಾ ಲಗೂನಿನ ಬಳಿಯ ಗಲೋವಾ ಮತ್ತು ವೈನಿಯಬಿಯಾ ಎಂಬ ಹಳ್ಳಿಯವರು ಡೈವಿಂಗ್ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು 'ಶಾರ್ಕ್ ರೀಫ್' ಎಂಬ ದಿಬ್ಬದಲ್ಲಿ ಮೀನು ಹಿಡಿಯುವುದನ್ನು ಬಿಟ್ಟುಕೊಟ್ಟರು. 2004ರಲ್ಲಿ ಅದು ಸಂರಕ್ಷಿತ ಪ್ರದೇಶವಾಯಿತು. ಬರುವ ಪ್ರತಿ ಡೈವರಿನಿಂದ ವಸೂಲಾಗುವ ಶುಲ್ಕ ಹಳ್ಳಿಗಳಿಗೆ. ಮಾರ್ಗದರ್ಶಕರು, ಕಾವಲುಗಾರರು ಅಲ್ಲಿಯ ಹುಡುಗರೇ. ಬುಲ್ ಶಾರ್ಕುಗಳಿಗೆ ಕೈಯಿಂದಲೇ ತಿನ್ನಿಸುತ್ತಾರೆ, ಮೀನು ಸಂಸ್ಕರಣೆಯಲ್ಲಿ ಉಳಿದ ಟ್ಯೂನಾ ತಲೆಗಳನ್ನು. ವಿಜ್ಞಾನಿಗಳಿಗೆ ಬಾಗಿಲು ತೆರೆದಿಟ್ಟಿದ್ದಾರೆ, ಮತ್ತು ಅವರು ಬರೆದದ್ದೆಲ್ಲ ಹಿತವಾದದ್ದೇ ಅಲ್ಲ. ಕೆಲವು ಶಾರ್ಕುಗಳಿಗೆ ಕೆಲವು ಕಾಲ ಈ ಕೈತುತ್ತೇ ಆಹಾರದ ದೊಡ್ಡ ಪಾಲು ಎಂದು 2018ರ ಅಧ್ಯಯನ ತೋರಿಸಿತು. ಆದರೂ ಇಲ್ಲಿ ಲೆಕ್ಕದ ಎರಡೂ ಬದಿ ಒಂದೇ ಪುಟದಲ್ಲಿವೆ. ಬಿಟ್ಟುಕೊಟ್ಟವನಿಗೆ ಬಾಡಿಗೆ ಸಿಗುತ್ತದೆ, ಅಪಾಯ ಹೊರುವವನು ಊರಿನವನೇ, ಬೇಡವೆಂದರೆ ನಿಲ್ಲಿಸುವ ಹಕ್ಕೂ ಊರಿನದೇ. ತಿನ್ನಿಸುವುದಕ್ಕೆ ಇಂಥ ಕರಾರಿದ್ದರೆ ನಾನು ಸಹಿ ಹಾಕುತ್ತೇನೆ.

ಫಿಲಿಪ್ಪೀನ್ಸ್‌ನ ಒಸ್ಲೋಬ್‌ಗೆ ಹಾಕಲಾರೆ. ಅಲ್ಲಿ 2011ರಿಂದ ತಿಮಿಂಗಿಲ ಶಾರ್ಕುಗಳಿಗೆ ದೋಣಿಯಿಂದ ಸಣ್ಣ ಸೀಗಡಿ ಹಾಕುತ್ತಾ, ಪ್ರವಾಸಿಗರನ್ನು ಪಕ್ಕದಲ್ಲೇ ಈಜಲು ಬಿಡುತ್ತಾರೆ. ಕಚ್ಚುವ ಪ್ರಾಣಿಯಲ್ಲ, ಬಾಯ್ತೆರೆದು ನೀರು ಸೋಸಿ ತಿನ್ನುವ ಸಾಧು. ಬಡ ಮೀನುಗಾರರ ಊರು ಉದ್ಧಾರವಾಯಿತು, ನಿಜ. ಆದರೆ ದೋಣಿ ಕಂಡರೆ ಹತ್ತಿರ ಬರಲು ಕಲಿತ ಶಾರ್ಕುಗಳ ಮೈಮೇಲೆ ದೋಣಿಗಳ ಗಾಯದ ಗುರುತು. ತಿನ್ನಿಸುವ ದೋಣಿ ಯಾವುದು, ಪ್ರೊಪೆಲ್ಲರ್ ತಿರುಗುತ್ತಿರುವ ದೋಣಿ ಯಾವುದು ಎಂದು ಅದಕ್ಕೇನು ಗೊತ್ತು? ಅಲ್ಲಿಗೆ ಹೋದವರ ಅಭಿಪ್ರಾಯಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂತು. ಇದು ಸರಿಯಲ್ಲ ಎಂಬ ಅಳುಕು ಎಷ್ಟೋ ಜನರಿಗಿತ್ತು, ಆದರೂ ಹೋಗಿದ್ದರು, ಫೋಟೋ ತೆಗೆಸಿಕೊಂಡಿದ್ದರು.

ಮುಟ್ಟುವ ವಿಷಯ ಇನ್ನೊಂದು. ಕೆಲವು ಶಾರ್ಕುಗಳ ಮೂತಿಯನ್ನು ಹಿಡಿದು ಸವರಿದರೆ ಅಥವಾ ಅಂಗಾತ ಮಾಡಿದರೆ ಮಂಪರು ಬಂದಂತೆ ನಿಶ್ಚಲವಾಗುತ್ತವೆ. ಬಹಾಮಾಸ್‌ನಲ್ಲಿ ಕ್ರಿಸ್ಟಿನಾ ಝೆನಾಟೊ ಎಂಬ ಮಹಿಳೆ ಶಾರ್ಕುಗಳನ್ನು ಹೀಗೆ ಮಡಿಲಲ್ಲಿಟ್ಟುಕೊಂಡು, ಅವುಗಳ ಬಾಯಿಗೆ ಸಿಕ್ಕಿಕೊಂಡ ಗಾಳದ ಕೊಕ್ಕೆಗಳನ್ನು ಕೀಳುತ್ತಾ ಬಂದಿದ್ದಾರೆ. ಕೊಕ್ಕೆ ಕೀಳುವ ಕೈಯನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದೇ ಭಂಗಿಯನ್ನು ನೋಡುಗರ ಚಪ್ಪಾಳೆಗೆ ಮಾಡಿದರೆ? 2019ರ ಜನವರಿಯಲ್ಲಿ ಹವಾಯಿಯ ಬಳಿ ಸತ್ತ ಸ್ಪರ್ಮ್ ತಿಮಿಂಗಿಲವನ್ನು ತಿನ್ನಲು ಬಂದ ಭಾರೀ ಬಿಳಿ ಶಾರ್ಕಿನ ಪಕ್ಕ ಓಶನ್ ರ‍್ಯಾಮ್ಸೆ ಎಂಬಾಕೆ ಈಜಿ, ಮೈಮೇಲೆ ಕೈಯಿಟ್ಟ ಚಿತ್ರ ಜಗತ್ತೆಲ್ಲ ಓಡಾಡಿತು. ಅವರ ಉದ್ದೇಶ ಶಾರ್ಕಿನ ಪರ. ಹವಾಯಿಯಲ್ಲಿ ಶಾರ್ಕ್ ಕೊಲ್ಲುವುದನ್ನು ನಿಷೇಧಿಸುವ ಕಾನೂನಿಗೆ ಹೋರಾಡಿದವರು, 2022ರಲ್ಲಿ ಅದು ಜಾರಿಗೂ ಬಂತು. ಆದರೆ ಆ ಶಾರ್ಕ್ ಅಲ್ಲಿಗೆ ಬಂದದ್ದು ಊಟಕ್ಕೆ. ಪಂಕ್ತಿಯಲ್ಲಿ ಕೂತವನ ಬೆನ್ನ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯಲ್ಲ.

ಇನ್ನು ಮೊದಲು ಹೇಳಿದ ಬೆಲೆಯ ವಿಷಯ. ಪಲಾವು ಎಂಬ ಪುಟ್ಟ ದ್ವೀಪದೇಶ 2009ರಲ್ಲಿ ಜಗತ್ತಿನ ಮೊದಲ ಶಾರ್ಕ್ ಅಭಯಧಾಮವಾಯಿತು. ಅಲ್ಲಿಯ ಮುಖ್ಯ ಡೈವಿಂಗ್ ತಾಣಗಳ ಒಂದೊಂದು ಶಾರ್ಕು ಜೀವಮಾನದಲ್ಲಿ 19 ಲಕ್ಷ ಡಾಲರ್ ತರುತ್ತದೆ, ಕೊಂದರೆ 108 ಡಾಲರ್ ಎಂದು ಒಂದು ಅಧ್ಯಯನ ಲೆಕ್ಕ ಕಟ್ಟಿತು. ಅಲ್ಲಿಯ ಹೆಸರಾಂತ ತಾಣ ಬ್ಲೂ ಕಾರ್ನರಿನಲ್ಲಿ ನೀರಿನ ಸೆಳೆತ ಜೋರು. ಬಂಡೆಗೆ ಕೊಕ್ಕೆ ಸಿಕ್ಕಿಸಿ, ಗಾಳಿಪಟದಂತೆ ತೇಲುತ್ತಾ ಶಾರ್ಕುಗಳನ್ನು ನೋಡುತ್ತಾರೆ. ಊಟ ಹಾಕದೆಯೂ ನಡೆಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಇಂಥ ಅಂಕಿಗಳು ಮಂತ್ರಿಗಳ ಮೇಜಿನ ಮೇಲೆ ಚೆನ್ನಾಗಿ ಕೆಲಸ ಮಾಡಿವೆ. ಆದರೆ ಆಸ್ತಿ ಎಂದು ಬರೆದುಕೊಂಡದ್ದು ಒಂದು ದಿನ ಆದಾಯ ನಿಲ್ಲಿಸಿದರೆ ಅದಕ್ಕೇನು ಹೆಸರು ಎಂದು ಬ್ಯಾಂಕಿನವರನ್ನು ಕೇಳಬೇಕಿಲ್ಲ. ದಕ್ಷಿಣ ಆಫ್ರಿಕಾದ ಗಾನ್ಸ್‌ಬೈ ಊರು ಬಿಳಿ ಶಾರ್ಕಿನ ಪಂಜರಗಳಿಂದಲೇ ಬದುಕುತ್ತಿತ್ತು. 2017ರಲ್ಲಿ ಒರ್ಕಾ ತಿಮಿಂಗಿಲಗಳ ಜೋಡಿಯೊಂದು ಬಂದು ಶಾರ್ಕುಗಳ ಯಕೃತ್ತನ್ನಷ್ಟೇ ಕಿತ್ತು ತಿನ್ನತೊಡಗಿದ ಮೇಲೆ ಬಿಳಿ ಶಾರ್ಕುಗಳು ಆ ಕೊಲ್ಲಿಯಿಂದಲೇ ಕಾಲ್ತೆಗೆದವು. ಎಷ್ಟು ಚಮ್ ಸುರಿದರೂ ಮೊದಲಿನಂತೆ ಬರಲಿಲ್ಲ. ದೋಣಿಗಳು ಬೇರೆ ಜಾತಿಯ ಶಾರ್ಕ್ ತೋರಿಸತೊಡಗಿದವು. ಬಿಳಿ ಶಾರ್ಕಿಗೆ ಅಲ್ಲಿ 1991ರಿಂದಲೇ ಕಾನೂನಿನ ರಕ್ಷಣೆ ಇತ್ತು ಎಂಬುದು ಸಮಾಧಾನ. ಲೆಕ್ಕದ ಪುಸ್ತಕವೊಂದೇ ಗತಿಯಾಗಿದ್ದರೆ?

ಲೆಕ್ಕದ ಪುಸ್ತಕವಲ್ಲದ ದಾರಿಯೊಂದು ನಮ್ಮ ಪಕ್ಕದಲ್ಲೇ ಇದೆ, ಗುಜರಾತಿನಲ್ಲಿ. ವೆರಾವಳದ ಕಡಲಿನಲ್ಲಿ ತಿಮಿಂಗಿಲ ಶಾರ್ಕುಗಳನ್ನು ಯಕೃತ್ತಿನ ಎಣ್ಣೆಗಾಗಿ, ರಫ್ತಾಗುವ ಮಾಂಸಕ್ಕಾಗಿ ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. ಅದಕ್ಕೆ ಅಲ್ಲಿ 'ಬ್ಯಾರಲ್' ಎಂದೇ ಹೆಸರು, ಬೇಟೆಗೆ ಬಳಸುತ್ತಿದ್ದ ಪೀಪಾಯಿಯಿಂದ ಬಂದದ್ದು. ಮೈಕ್ ಪಾಂಡೆಯವರ 'ಶೋರ್ಸ್ ಆಫ್ ಸೈಲೆನ್ಸ್' ಚಿತ್ರ 2000ದಲ್ಲಿ ಇದನ್ನು ತೋರಿಸಿತು. 2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕ್ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿ, ಹುಲಿಗಿರುವ ರಕ್ಷಣೆಯೇ ಅದಕ್ಕೂ ಸಿಕ್ಕಿತು. ಆದರೆ ಕಾನೂನು ದಡದ ಮೇಲಿನದು, ಬಲೆ ನಡುನೀರಿನಲ್ಲಿ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಟಾಟಾ ಕೆಮಿಕಲ್ಸ್, ಅರಣ್ಯ ಇಲಾಖೆ ಸೇರಿ ಆಂದೋಲನ ಶುರುಮಾಡಿದಾಗ ರಾಮಕಥೆಯ ಮೊರಾರಿ ಬಾಪು ಮೀನುಗಾರರಿಗೆ ಹೇಳಿದ್ದು ಡಾಲರಿನ ಲೆಕ್ಕವಲ್ಲ. ಹೆರಿಗೆಗೆ ತವರಿಗೆ ಬರುವ ಮಗಳನ್ನು ಯಾರಾದರೂ ಕೊಲ್ಲುತ್ತಾರೆಯೇ ಎಂದರು. ಬ್ಯಾರಲ್ ಹೋಗಿ 'ವ್ಹಾಲಿ' ಆಯಿತು; ಮುದ್ದಿನ ಮಗಳು. ಯಾರೂ ಅದಕ್ಕೆ ಉಣಿಸಲಿಲ್ಲ, ಪಕ್ಕದಲ್ಲಿ ಈಜಲು ಟಿಕೆಟ್ ಮಾರಲಿಲ್ಲ. ಬಲೆಗೆ ಬಿದ್ದರೆ ಬಲೆ ಕತ್ತರಿಸಿ ಬಿಡತೊಡಗಿದರು, ಹೀಗೆ ನೂರಾರು ಶಾರ್ಕುಗಳನ್ನು.

ಹಾಗೆಂದು ದುಡ್ಡಿನ ಮಾತೇ ಇಲ್ಲವೆಂದಲ್ಲ. ಕತ್ತರಿಸಿದ ಬಲೆಗೆ ಸರ್ಕಾರ ಪರಿಹಾರ ಕೊಡುತ್ತದೆ. ಮೊದಮೊದಲು ಅಧಿಕಾರಿಗಳು ದೋಣಿಯಲ್ಲಿ ಬಂದು ಕಣ್ಣಾರೆ ನೋಡುವವರೆಗೆ ಕಾಯಬೇಕಿತ್ತು, ಅಷ್ಟು ಹೊತ್ತು ಶಾರ್ಕ್ ಬಲೆಯಲ್ಲೇ ಒದ್ದಾಡಬೇಕಿತ್ತು. ಆಮೇಲೆ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಈಗ ಅವರೇ ಬಲೆ ಕತ್ತರಿಸಿ, ಮಗಳು ಆಳಕ್ಕೆ ಇಳಿದು ಹೋಗುವ ಫೋಟೋ ತೆಗೆದು, ಅರ್ಜಿಗೆ ಲಗತ್ತಿಸುತ್ತಾರೆ.